ಅಂಧ ಗಣಿತಜ್ಞನಾದ ಆಯ್ಲರನು

1834ರಲ್ಲಿ ಮಂಗಳೂರಿಗೆ ಮಿಶನರಿಗಳನ್ನು ಕಳುಹಿಸಿದ ಬಾಸೆಲ್ ಪಟ್ಟಣದ ಹೆಸರನ್ನು ಕೇಳದವರು ನಮ್ಮ ವಾಚಕರಲ್ಲಿ ವಿರಳ. ಸ್ವಿಟ್ಸರ್ಲೆಂಡಿನ ಆ ಪಟ್ಟಣದಲ್ಲಿಯೇ 1707ನೆಯ ಇಸವಿಯ ಏಪ್ರಿಲ್ 15ರಂದು ಲೆಯೊನಾರ್ಡ್ ಆಯ್ಲರನು ಜನಿಸಿದನು. ತಂದೆಯು ಸಭಾಪಾಲಕನು, ಮಗನೂ ಅದೇ ಸೇವೆಗೆ ಸೇರಬೇಕೆಂಬುದು ಆತನ ಬಯಕೆ. ಆದರೆ ಯೋಹಾನ್ ಬೆರ್ನೂಲಿ ಎಂಬ ಪಂಡಿತನು ಹುಡುಗನ ಬುದ್ಧಿಯನ್ನು ಕಂಡು ತಂದೆಯನ್ನು ಒಡಂಬಡಿಸಿದನು. ಹೀಗೆ ಗಣಿತಕ್ಕೆ ಮೀಸಲಾದ ಆಯ್ಲರನು 1727ರಲ್ಲಿ ರಷ್ಯದ ಪೀಟರ್ಸ್‌ಬರ್ಗ್ ನಗರಕ್ಕೆ ಹೋಗಿ ಅಲ್ಲಿಯ ವಿದ್ವತ್ಪರಿಷತ್ತನ್ನು ಸೇರಿದನು.

ಆ ಕಾಲದಲ್ಲಿ ಫೆರ್ಮಾ ಎಂಬ ಫ್ರೆಂಚ್ ಪಂಡಿತನ ಒಂದು ಮಾತು ಪರೀಕ್ಷೆಯಿಲ್ಲದೆ ಉಳಿದಿತ್ತು. ಎರಡನ್ನು ಮೇಲಿಂದ ಮೇಲೆ ವರ್ಗಿಸುತ್ತ, ಪ್ರತಿಯೊಂದು ವರ್ಗಕ್ಕೂ ಒಂದನ್ನು ಕೂಡಿಸಿದರೆ ಬರುವ ಸಂಖ್ಯೆಗಳೆಲ್ಲ ಅವಿಭಾಜ್ಯಗಳೆಂದು ಆತನು ನಂಬಿದ್ದನು. 5, 17, 257, 65,537 ಇವು ಅವಿಭಾಜ್ಯಗಳೇ ಸರಿ. ಮುಂದಿನದು 4,29,49,67,297. ಇಷ್ಟು ದೊಡ್ಡದನ್ನು ಭಾಗಿಸಿ ನೋಡುವ ತಾಳ್ಮೆ ಯಾರಿಗೆ? ಆಯ್ಲರನು 1732ರಲ್ಲಿ, ಇಪ್ಪತ್ತೈದರ ಪ್ರಾಯದಲ್ಲಿ, ಅದು 641ರಿಂದ ನಿಶ್ಶೇಷವಾಗಿ ಭಾಗವಾಗುವುದೆಂದು ತೋರಿಸಿದನು, ಭಾಗಲಬ್ಧವು 67,00,417. ಈ ಸಂಖ್ಯೆಯ ಭಾಜಕವು ಯಾವುದೇ ಆಗಲಿ, ಅದನ್ನು 64ರಿಂದ ಭಾಗಿಸಿದರೆ 1 ಉಳಿಯಲೇಬೇಕೆಂದು ಆತನೇ ಮುಂದೆ ಸಾಧಿಸಿದನು. ಆ ನಿಯಮದಂತೆ 193, 257, 449, 577 ಇವುಗಳನ್ನು ಪರೀಕ್ಷಿಸಿ ಬಿಟ್ಟರೆ ಐದನೆಯದಾಗಿ 641 ದೊರೆಯುವುದು. ಹಿರಿಯರ ಮಾತೆಂದು ಸುಮ್ಮನಿರದೆ ಭಾಗಿಸಿ ನೋಡಿದ್ದನ್ನು ನಮ್ಮ ಬಾಲಿಕೆಯರು ಗಮನಿಸಲಿ.

1738ರ ಸುಮಾರಿಗೆ ಆತನ ಬಲಗಣ್ಣು ಹೋಯಿತು. ಬರ್ಲಿನಿನಲ್ಲಿ ಇಪ್ಪತ್ತೈದು ವರ್ಷವಿದ್ದು 1766ರಲ್ಲಿ ರಷ್ಯಕ್ಕೆ ಮರಳಿದ ಮೇಲೆ ಎಡಗಣ್ಣಿಗೂ ಪೊರೆ ಬಂದಿತು. ದೃಷ್ಟಿಯಿದ್ದ ತನಕ ಪ್ರತಿ ಸಂಜೆ ಮನೆಯವರನ್ನು ಕೂಡಿಸಿ ಸತ್ಯವೇದದ ಒಂದು ಅಧ್ಯಾಯವನ್ನು ಓದುತ್ತಿದ್ದವನಿಗೆ ಈಗ ಅಕ್ಷರವೇ ಕಾಣದಾಯಿತು. 1771ರಲ್ಲಿ ಮನೆಗೆ ಬೆಂಕಿ ಬಿದ್ದಾಗ ಪೀಟರ್ ಗ್ರಿಮ್ ಎಂಬ ಬಾಸೆಲಿನ ಕೆಲಸಗಾರನು ಉರಿಯೊಳಗೆ ನುಗ್ಗಿ ಕುರುಡನನ್ನು ಹೆಗಲ ಮೇಲೆ ಹೊತ್ತು ತಂದನು. ಅದೇ ವರ್ಷ ಶಸ್ತ್ರಚಿಕಿತ್ಸೆಯಿಂದ ಮರಳಿದ ದೃಷ್ಟಿಯು ಕೆಲವೇ ದಿನಗಳಲ್ಲಿ ನಂದಿಹೋಯಿತು.

ಮರುವರ್ಷ, 1772ರಲ್ಲಿ, ಆತನು ಇನ್ನೊಂದು ಮಹಾಸಂಖ್ಯೆಯನ್ನು ಎತ್ತಿಕೊಂಡನು. ಎರಡನ್ನು ಮೂವತ್ತೊಂದು ಸಲ ಇಟ್ಟು ಗುಣಿಸಿ ಒಂದನ್ನು ಕಳೆದರೆ 2,14,74,83,647 ಬರುವುದು. ಇದಕ್ಕೆ ಭಾಜಕವಿದ್ದರೆ 46,341ಕ್ಕಿಂತ ಕಡಿಮೆಯದೊಂದು ಇರಲೇಬೇಕು. 248ರಿಂದ ಭಾಗಿಸಿದಾಗ 1 ಅಥವಾ 63 ಉಳಿಯುವ ಅವಿಭಾಜ್ಯಗಳನ್ನು ಮಾತ್ರ ಪರೀಕ್ಷಿಸಿದರೆ ಸಾಕೆಂದು ಆತನು ಕಂಡನು. ಒಂದೂ ಭಾಗಿಸಲಿಲ್ಲ; ಸಂಖ್ಯೆಯು ಅವಿಭಾಜ್ಯವೆಂದು ಸಿದ್ಧವಾಯಿತು. 1867ರ ವರೆಗೆ ಇದಕ್ಕಿಂತ ದೊಡ್ಡ ಅವಿಭಾಜ್ಯವನ್ನು ಜಗತ್ತು ಅರಿಯಲಿಲ್ಲ. ಕಣ್ಣಿದ್ದಾಗ ಒಂದು ಸಂಖ್ಯೆಯನ್ನು ಒಡೆದವನು, ಕಣ್ಣಿಲ್ಲದಾಗ ಮತ್ತೊಂದು ಒಡೆಯಲಾರದ್ದೆಂದು ತಿಳಿಸಿದನು.

ಆತನ ಎಂಟುನೂರಕ್ಕೂ ಮಿಕ್ಕ ಬರಹಗಳಲ್ಲಿ ಸುಮಾರು ಅರ್ಧವು ಈ ಕತ್ತಲೆಯ ವರ್ಷಗಳವು. ಆತನು ಹೇಳುತ್ತಿದ್ದನು, ಮಗನೂ ಶಿಷ್ಯರೂ ಬರೆದುಕೊಳ್ಳುತ್ತಿದ್ದರು. 1783ರ ಸೆಪ್ಟೆಂಬರ್ 18ರಂದು, ಎರಡು ವರ್ಷ ಹಿಂದೆ ಕಂಡುಬಂದಿದ್ದ ಯುರೇನಸ್ ಗ್ರಹದ ಪಥವನ್ನು ಕುರಿತು ಚರ್ಚಿಸಿ, ಮೊಮ್ಮಗುವಿನೊಡನೆ ಆಡುತ್ತಿದ್ದಾಗ ಆತನು ಕುಸಿದನು; ಅದೇ ದಿನ ತೀರಿಕೊಂಡನು.