ಮಳಖೇಡದ ದೊರೆ ಯಾವ ಮತದವನು?

ಸೇಡಂನಿಂದ ಕಲಬುರಗಿಗೆ ಹೋಗುವ ಬಸ್ಸು ಮಳಖೇಡದಲ್ಲಿ ನಿಂತಾಗ ಇಳಿಯುವವರು ಇಳಿಯುತ್ತಾರೆ, ಹತ್ತುವವರು ಹತ್ತುತ್ತಾರೆ. ಕೋಟೆ ಕಡೆ ಕತ್ತು ಹೊರಳಿಸಿ ನೋಡುವವರು ಕಮ್ಮಿ. ವಾಡಿ, ಶಹಾಬಾದ್ ಕಡೆಯ ಮಂದಿಗೆ ಮಳಖೇಡ ಅಂದರೆ ಸಿಮೆಂಟ್ ಫ್ಯಾಕ್ಟರಿ, ಅಷ್ಟೇ. ಆದರೆ ಕಾಗಿಣಾ ದಂಡೆಯ ಇದೇ ಊರು ಒಂದು ಕಾಲಕ್ಕೆ ಮಾನ್ಯಖೇಟ. ಗುಜರಾತದ ತನಕ ಹಬ್ಬಿದ್ದ ರಾಷ್ಟ್ರಕೂಟರ ರಾಜಧಾನಿ. ಇಲ್ಲಿ ಕೂತು ಆಳಿದವರಲ್ಲಿ ದೊಡ್ಡ ಹೆಸರು ಅಮೋಘವರ್ಷ ನೃಪತುಂಗನದು. ಬೆಂಗಳೂರಿನಲ್ಲಿ ನೃಪತುಂಗ ರಸ್ತೆ ಅಂತ ಇದೆಯಲ್ಲ, ಅವನು ನಮ್ಮ ಸೇಡಂ ತಾಲೂಕಿನ ದೊರೆ.

ಈತ ಹುಟ್ಟಿದ್ದು ಇಲ್ಲಲ್ಲ. ತಂದೆ ಮುಮ್ಮಡಿ ಗೋವಿಂದ ಉತ್ತರದ ದಂಡಯಾತ್ರೆ ಮುಗಿಸಿ ಮರಳುವಾಗ, ಗುಜರಾತದ ಶ್ರೀಭವನ ಎಂಬಲ್ಲಿ, ಸುಮಾರು 800ರಲ್ಲಿ ಹುಟ್ಟಿದ. ಹೆಸರು ಶರ್ವ. 814ರಲ್ಲಿ ತಂದೆ ತೀರಿಕೊಂಡಾಗ ಮೀಸೆ ಮೂಡದ ಹುಡುಗ. ಹುಡುಗನ ಕೈಗೆ ರಾಜ್ಯ ಬಂದರೆ ಏನಾಗುತ್ತದೋ ಅದೇ ಆಯಿತು. ಸಾಮಂತರು ತಿರುಗಿಬಿದ್ದರು, ಗದ್ದುಗೆ ಕೈತಪ್ಪಿತು. ಗುಜರಾತ ಶಾಖೆಯ ಅಣ್ಣ ಕರ್ಕ ಬೆನ್ನಿಗೆ ನಿಂತು 821ರ ಹೊತ್ತಿಗೆ ಮತ್ತೆ ಕೂಡಿಸಿದ. ಅಲ್ಲಿಂದ ಮುಂದೆ 878ರ ತನಕ ರಾಜ್ಯ ಅವನ ಕೈಯಲ್ಲೇ ಇತ್ತು. ಒಟ್ಟು ಲೆಕ್ಕ 64 ವರ್ಷ!

ಯುದ್ಧ ಮಾಡದ ಸಾಧು ಅಂತ ತಿಳಿಯಬೇಡಿ. ವೆಂಗಿಯವರ ಮೇಲೆ ದಂಡು ಹೋಯಿತು, ಗಂಗರ ಜೊತೆ ವರ್ಷಾನುಗಟ್ಟಲೆ ಕಾದಾಟ ನಡೆಯಿತು. ಕಡೆಗೆ ಗಂಗರ ಬೂತುಗನಿಗೆ ಮಗಳು ಚಂದ್ರೊಬ್ಬಲಬ್ಬೆಯನ್ನು ಕೊಟ್ಟು ಬೀಗತನ ಮಾಡಿಕೊಂಡ. ಪಲ್ಲವರ ಮನೆಗೂ ಒಬ್ಬ ಮಗಳನ್ನು ಕೊಟ್ಟ. ಕತ್ತಿಯಿಂದ ಮುಗಿಯದ ಜಗಳ ಅಕ್ಷತೆ ಕಾಳಿನಿಂದ ಮುಗಿಯಿತು.

ಈಗ ಆತನ ಮತದ ಮಾತು. ಈ ಬಗ್ಗೆ ವಿದ್ವಾಂಸರ ಜಗಳ ಇವತ್ತಿಗೂ ಮುಗಿದಿಲ್ಲ. ಆತ ಜೈನ ಗುರು ಜಿನಸೇನಾಚಾರ್ಯರಿಗೆ ತಲೆಬಾಗುತ್ತಿದ್ದ. ಗಣಿತದ ದೊಡ್ಡ ಪುಸ್ತಕ ಬರೆದ ಜೈನ ಪಂಡಿತ ಮಹಾವೀರಾಚಾರ್ಯರು ಅವನನ್ನು ಹೊಗಳಿದ್ದಾರೆ. ತನ್ನ ದಂಡನಾಯಕ ಬಂಕೇಶ ಕೇಳಿಕೊಂಡನೆಂದು 860ರಲ್ಲಿ ಕೊಣ್ಣೂರಿನ ಬಸದಿಗೆ ದತ್ತಿ ಬಿಟ್ಟ. ಹಾಗಾದರೆ ಜೈನನೇ ಅನ್ನಿ. ಆದರೆ 871ರ ಸಂಜಾನ್ ತಾಮ್ರಪಟ ತೆಗೆದು ನೋಡಿದರೆ ಬೇರೆ ಸಂಗತಿ ಬರುತ್ತದೆ. ಪ್ರಜೆಗಳಿಗೆ ಏನೋ ದೊಡ್ಡ ಆಪತ್ತು ಬಂದಾಗ ಅದು ಪರಿಹಾರವಾಗಲೆಂದು ಈತ ತನ್ನ ಎಡಗೈ ಬೆರಳು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದನಂತೆ. ಕೊಲ್ಹಾಪುರದ ಮಹಾಲಕ್ಷ್ಮಿ ಇರಬೇಕೆಂದು ಇತಿಹಾಸದವರು ಹೇಳುತ್ತಾರೆ. ಜಿನನ ಮುಂದೆ ತಲೆ, ಲಕ್ಷ್ಮಿಯ ಮುಂದೆ ಬೆರಳು. ನಮ್ಮ ಕಡೆ ಗುಡಿಗೂ ಹೋಗಿ ದರ್ಗಾಕ್ಕೂ ಸಕ್ಕರೆ ಓದಿಸಿ ಬರುವ ಹೆಣ್ಣುಮಕ್ಕಳಿಗೆ ಇದು ವಿಚಿತ್ರ ಅನಿಸಲಿಕ್ಕಿಲ್ಲ.

ಬೌದ್ಧರಿಗೂ ಜಾಗ ಇತ್ತು. ಮುಂಬಯಿ ಹತ್ತಿರದ ಕಾನ್ಹೇರಿ ಗುಹೆಗಳಲ್ಲಿ ಆತನ ಆಳ್ವಿಕೆಯ ಶಾಸನಗಳಿವೆ. ಆತನ ಸಾಮಂತರಾದ ಶಿಲಾಹಾರರ ಕಾಲಕ್ಕೆ ಅಲ್ಲಿನ ಭಿಕ್ಷುಗಳ ಬಟ್ಟೆಗೆ, ಗುಹೆಯ ರಿಪೇರಿಗೆ, ಪುಸ್ತಕಕ್ಕೆ ಕೂಡ ಹಣ ಇಟ್ಟಿದ್ದಾರೆ.

ಇದೆಲ್ಲ ಬರೀ ಮನಸ್ಸಿನ ಔದಾರ್ಯವೇ? ಅಂಗಡಿ ಇಟ್ಟವರಿಗೆ ಇದರ ಇನ್ನೊಂದು ಮಗ್ಗುಲು ಬೇಗ ತಿಳಿಯುತ್ತದೆ. ಆಗ ಪಶ್ಚಿಮದ ಬಂದರುಗಳಿಗೆ ಅರಬರು ಹಡಗಿನಲ್ಲಿ ವ್ಯಾಪಾರಕ್ಕೆ ಬರುತ್ತಿದ್ದರು. ಗಿರಾಕಿಯ ದೇವರು ಯಾವುದೆಂದು ಕೇಳಿ ಮುಖ ಸಿಂಡರಿಸಿದರೆ ಅವನು ಮುಂದಿನ ಬಂದರಿಗೆ ಹೋಗುತ್ತಾನೆ. ಮಳಖೇಡದ ದೊರೆ ಹಾಗೆ ಮಾಡಲಿಲ್ಲ. ವ್ಯಾಪಾರಿ ಸುಲೇಮಾನನ ಹೆಸರಿನಲ್ಲಿರುವ 851ರ ಅರಬ್ಬಿ ಬರಹದಲ್ಲಿ ಬಲ್ಹರಾ, ಅಂದರೆ ನಮ್ಮ ವಲ್ಲಭರಾಜ, ಜಗತ್ತಿನ ನಾಲ್ಕು ದೊಡ್ಡ ದೊರೆಗಳಲ್ಲಿ ಒಬ್ಬ. ಬಗ್ದಾದಿನ ಖಲೀಫ, ಚೀನಾದ ಚಕ್ರವರ್ತಿ, ರೂಮಿನ ದೊರೆ, ಆಮೇಲೆ ಕಾಗಿಣಾ ದಂಡೆಯವನು. ಅರಬರನ್ನು ಇಷ್ಟು ಪ್ರೀತಿಯಿಂದ ಕಾಣುವ ರಾಜ ಮತ್ತೊಬ್ಬನಿಲ್ಲವೆಂದೂ ಅದರಲ್ಲಿದೆ. ಲಾಭವೂ ಇತ್ತು, ಮರ್ಯಾದೆಯೂ ಇತ್ತು. ಎರಡೂ ಕೂಡಿ ಬಂದರೆ ತಪ್ಪೇನಿದೆ?

ಲಾಭದ ಲೆಕ್ಕ ಒಂದೇ ಆಗಿದ್ದರೆ ಪುಸ್ತಕದಲ್ಲಿ ಬರೆಸುವ ಗರಜು ಇರಲಿಲ್ಲ. ಸುಮಾರು 850ರಲ್ಲಿ ಆತನ ಆಸ್ಥಾನದ ಶ್ರೀವಿಜಯ, ದೊರೆಯ ಒಪ್ಪಿಗೆ ಪಡೆದು, ಕವಿರಾಜಮಾರ್ಗ ಬರೆದ. ನಮಗೆ ಸಿಕ್ಕಿರುವ ಕನ್ನಡ ಪುಸ್ತಕಗಳಲ್ಲಿ ಎಲ್ಲಕ್ಕೂ ಹಳೆಯದು. ಕಾವ್ಯ ಹೇಗೆ ಬರೆಯಬೇಕು ಅಂತ ಹೇಳುವ ಪುಸ್ತಕ ಅದು. ಹಾಗಿದ್ದೂ ಬೇರೆಯವರು ಬೇರೆ ತರಹ ಯೋಚಿಸಿದರೆ, ಬೇರೆ ದೇವರಿಗೆ ನಡೆದುಕೊಂಡರೆ ಅದನ್ನು ತಾಳಿಕೊಳ್ಳುವ ಗುಣಕ್ಕೆ ಅದರಲ್ಲಿ ಬಂಗಾರದ ಬೆಲೆ ಕಟ್ಟಿದ್ದಾರೆ. ತಾಳಿಕೊಳ್ಳುವುದು ಸುಲಭ ಅಂತ ಅವರೂ ತಿಳಿದಿರಲಿಲ್ಲ ಅನಿಸುತ್ತದೆ. ಸುಲಭದ್ದಕ್ಕೆ ಯಾರು ಬಂಗಾರದ ಬೆಲೆ ಕಟ್ಟುತ್ತಾರೆ?

ವಯಸ್ಸಾದ ಮೇಲೆ ಗದ್ದುಗೆಯ ಮೇಲಿನ ಆಸೆ ಬಿಟ್ಟನೆಂದು ಹೇಳುತ್ತಾರೆ. ಆತನ ನಂತರ ಬಂದ ಮಗ ಇಮ್ಮಡಿ ಕೃಷ್ಣ ಸಂಜಾನ್ ಸೀಮೆಯನ್ನು ನೋಡಿಕೊಳ್ಳಲು ಒಬ್ಬ ಅರಬನನ್ನೇ ನೇಮಿಸಿದ. ಅವನ ಹೆಸರು ಮಹಮ್ಮದ್. ನಮ್ಮವರ ಬಾಯಲ್ಲಿ ಅದು ಮಧುಮತಿ ಆಯಿತು! ಇವನ ಸಂಗತಿ ಚಿಂಚಣಿಯ ತಾಮ್ರಪಟದಲ್ಲಿದೆ. ಹೆಸರು ಕೇಳಿ ನಮ್ಮ ಚಿಂಚೋಳಿ ಅಂದುಕೊಳ್ಳಬೇಡಿ, ಚಿಂಚಣಿ ಇರುವುದು ಮಹಾರಾಷ್ಟ್ರದ ಸಮುದ್ರ ದಂಡೆಗೆ. ಪಟದ ಕಾಲ 926. ಅಣ್ಣಯ್ಯ ಎಂಬವನು ಅಲ್ಲಿ ಭಗವತಿಯ ಮಠ ಕಟ್ಟಿಸಿದಾಗ ಈ ಮಹಮ್ಮದ್ ದೇವಿಯ ನೈವೇದ್ಯಕ್ಕೆ, ಮಠದವರ ಊಟಕ್ಕೆ ಒಂದು ಹಳ್ಳಿಯನ್ನೇ ದತ್ತಿಯಾಗಿ ಬಿಡಿಸಿಕೊಟ್ಟ. ಹೊಳೆ ದಾಟುವವರಿಗೆ ಪುಕ್ಕಟೆ ದೋಣಿ ಇರಿಸಿದ. ದಾರಿಹೋಕರಿಗೆ ಅನ್ನಛತ್ರ ತೆರೆದ. ಅಲ್ಲಿ ಬಡಿಸುತ್ತಿದ್ದದ್ದು ಏನೆಂದು ಸಹ ತಾಮ್ರದ ಮೇಲೆ ಕೊರೆಸಿದ್ದಾರೆ: ಒಳ್ಳೆಯ ಅಕ್ಕಿಯ ಅನ್ನ, ಪಲ್ಯ, ತುಪ್ಪ.