ನಗರಶ್ರೇಷ್ಠಿ ಶಾಂತಿದಾಸ ಝವೇರಿ

ಮೊಗಲ್ ಕಾಲದ ಗುಜರಾತಿನ ಚರಿತ್ರೆಯಲ್ಲಿ ಶಾಂತಿದಾಸ ಝವೇರಿಯ ಹೆಸರು ರತ್ನವ್ಯಾಪಾರಿ ಹಾಗೂ ಸಾಹುಕಾರನದಾಗಿ ಪ್ರಸಿದ್ಧವಾಗಿದೆ. ಭಂಗಗೊಂಡ ಬಸದಿಯೊಂದಕ್ಕಾಗಿ ರಾಜಕುಮಾರನ ವಿರುದ್ಧ ಚಕ್ರವರ್ತಿಯಲ್ಲಿ ನ್ಯಾಯ ಬೇಡಿ ಪಡೆದವನೆಂಬ ಕಾರಣದಿಂದ, ಅಲ್ಪಸಂಖ್ಯಾತ ಧರ್ಮಗಳ ರಕ್ಷಣೆಯ ಇತಿಹಾಸದಲ್ಲಿಯೂ ಅವನಿಗೆ ವಿಶಿಷ್ಟ ಸ್ಥಾನವಿದೆ.

ಓಸವಾಲ ಜೈನರ ಕುಲದ ಸಹಸ್ರಕಿರಣನ ಮಗನಾದ ಶಾಂತಿದಾಸನು ಹದಿನಾರನೆಯ ಶತಮಾನದ ಕೊನೆಯ ಭಾಗದಲ್ಲಿ ಜನಿಸಿದನು. ಅವನ ಬಾಲ್ಯದ ವೇಳೆಗೆ ಶ್ವೇತಾಂಬರ ಆಚಾರ್ಯ ಹೀರವಿಜಯಸೂರಿಯು ಅಕ್ಬರನ ಆಸ್ಥಾನವನ್ನು ಸಂದರ್ಶಿಸಿ, ಪರ್ಯೂಷಣದ ದಿನಗಳಲ್ಲಿ ಪ್ರಾಣಿವಧೆಯನ್ನು ನಿಷೇಧಿಸುವ ಫರ್ಮಾನು ಪಡೆದಿದ್ದನು. ಆದರೆ ಜಹಾಂಗೀರನ ಆಳ್ವಿಕೆಯಲ್ಲಿ ಜೈನಯತಿಗಳನ್ನು ಹೊರಹಾಕುವ ಆಜ್ಞೆಯೂ ಒಮ್ಮೆ ಹೊರಟಿತ್ತು. ಅರಸನ ಒಲವಿನ ಮೇಲೆ ನಿಂತ ರಕ್ಷಣೆ ಎಷ್ಟು ಅಸ್ಥಿರವೆಂಬುದನ್ನು ಆ ತಲೆಮಾರಿನ ಜೈನರು ಕಣ್ಣಾರೆ ಕಂಡಿದ್ದರು.

ಅಹಮದಾಬಾದಿನಲ್ಲಿ ನೆಲೆಸಿದ ಶಾಂತಿದಾಸನ ವ್ಯವಹಾರ ಸೂರತ್ತಿನ ಬಂದರಿನವರೆಗೂ, ಅಲ್ಲಿಂದ ಕಡಲಾಚೆಗೂ ಹಬ್ಬಿತ್ತು. 1635ರಲ್ಲಿ ಇಂಗ್ಲಿಷ್ ಕಡಲ್ಗಳ್ಳರು ನಡೆಸಿದ ಲೂಟಿಯಲ್ಲಿ ಸೂರತ್ತಿನ ಇತರ ವರ್ತಕರೊಡನೆ ಅವನೂ ಸರಕು ಕಳೆದುಕೊಂಡನು. ಸರ್ಕಾರದಲ್ಲಿದ್ದ ತನ್ನ ವರ್ಚಸ್ಸನ್ನು ಬಳಸಿ ಪರಿಹಾರಕ್ಕಾಗಿ ಇಂಗ್ಲಿಷರ ಮೇಲೆ ಒತ್ತಡ ತಂದನು. ಜಹಾಂಗೀರ್ ಮತ್ತು ಷಾಜಹಾನರ ಆಸ್ಥಾನಕ್ಕೆ ರತ್ನಾಭರಣಗಳನ್ನು ಪೂರೈಸುತ್ತಿದ್ದುದರಿಂದ ಅವನಿಗೆ ಈ ಪ್ರಭಾವ ಒದಗಿತ್ತು. ಅಹಮದಾಬಾದಿನ ಮೊದಲ ನಗರಸೇಠನೆಂದು ಪರಂಪರೆ ಅವನನ್ನು ನೆನೆಯುತ್ತದೆ.

ಶಾಂತಿದಾಸನೂ ಅವನ ಸೋದರ ವರ್ಧಮಾನನೂ ಕೋಟೆಯ ಹೊರಗಣ ಸರಸಪುರದಲ್ಲಿ ಚಿಂತಾಮಣಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದರು. 1620ರ ದಶಕದ ಆರಂಭದಲ್ಲಿ ಮೊದಲಾದ ಈ ಕಾರ್ಯಕ್ಕೆ ಲಕ್ಷಾಂತರ ರೂಪಾಯಿ ವ್ಯಯವಾಯಿತು. 1638ರಲ್ಲಿ ನಗರಕ್ಕೆ ಬಂದ ಜರ್ಮನ್ ಪ್ರವಾಸಿ ಮ್ಯಾಂಡೆಲ್ಸ್ಲೋ, ಎತ್ತರದ ಗೋಡೆಯ ನಡುವಣ ವಿಶಾಲ ಪ್ರಾಂಗಣ, ಸುತ್ತಲ ಕಿರುಗುಡಿಗಳಲ್ಲಿದ್ದ ಅಮೃತಶಿಲೆಯ ಮೂರ್ತಿಗಳು, ದ್ವಾರದ ಬಳಿಯ ಕರಿಶಿಲೆಯ ಆನೆಗಳು ಇವುಗಳನ್ನು ಬೆರಗಿನಿಂದ ವರ್ಣಿಸಿದ್ದಾನೆ.

1645ರಲ್ಲಿ ಗುಜರಾತಿನ ಸುಬೇದಾರನಾಗಿ ಬಂದ ರಾಜಕುಮಾರ ಔರಂಗಜೇಬನು ಈ ಬಸದಿಯನ್ನು ಭಂಗಗೊಳಿಸಿ ಮಸೀದಿಯಾಗಿ ಮಾರ್ಪಡಿಸಿದನು. ಅಲ್ಲಿ ಗೋವನ್ನು ಕೊಲ್ಲಿಸಲಾಯಿತೆಂದು 1666ರಲ್ಲಿ ಬಂದ ಫ್ರೆಂಚ್ ಪ್ರವಾಸಿ ಥೆವೆನೊ ಬರೆದಿದ್ದಾನೆ. ಶಾಂತಿದಾಸನು ದಂಗೆಯ ಮಾತೆತ್ತದೆ, ಊರನ್ನೂ ತೊರೆಯದೆ, ರಾಜಕುಮಾರನ ತಂದೆಯಾದ ಷಾಜಹಾನನಲ್ಲಿಯೇ ದೂರು ಒಯ್ದನು. 1648ರಲ್ಲಿ ಹೊರಟ ರಾಜಾಜ್ಞೆ ಅವನ ಪರವಾಗಿತ್ತು: ಕಟ್ಟಡವನ್ನು ಅವನಿಗೆ ಹಿಂದಿರುಗಿಸಬೇಕು, ಔರಂಗಜೇಬನು ನಿರ್ಮಿಸಿದ ಮಿಹ್ರಾಬನ್ನು ಗೋಡೆಯಿಂದ ಬೇರ್ಪಡಿಸಬೇಕು, ಅಲ್ಲಿ ಬೀಡುಬಿಟ್ಟ ಫಕೀರರನ್ನು ತೆರವುಗೊಳಿಸಬೇಕು, ಸಾಗಿಸಲ್ಪಟ್ಟ ಸಾಮಗ್ರಿಯನ್ನಾಗಲಿ ಅದರ ಬೆಲೆಯನ್ನಾಗಲಿ ಕೊಡಿಸಬೇಕು. ಪರರ ಸ್ವತ್ತನ್ನು ಬಲಾತ್ಕಾರದಿಂದ ಕಸಿದು ಮಾಡಿದ ಕಟ್ಟಡ ಧರ್ಮಶಾಸ್ತ್ರದ ಪ್ರಕಾರ ಮಸೀದಿಯೆನಿಸದು ಎಂಬ ಮುಲ್ಲಾ ಅಬ್ದುಲ್ ಹಕೀಮನ ಅಭಿಪ್ರಾಯವನ್ನು ಆಜ್ಞೆ ಆಧಾರವಾಗಿ ಉಲ್ಲೇಖಿಸುತ್ತದೆ. ಹೀಗೆ ಜೈನನೊಬ್ಬನ ಹಕ್ಕನ್ನು ಎತ್ತಿಹಿಡಿದ ತೀರ್ಪು ಇಸ್ಲಾಮೀ ನ್ಯಾಯಶಾಸ್ತ್ರದ ಒಳಗಿನಿಂದಲೇ ಹೊಮ್ಮಿತು. ಆದರೂ ಮೈಲಿಗೆಗೊಂಡ ಆ ಆಲಯದಲ್ಲಿ ಜಿನಪೂಜೆ ಮತ್ತೆ ನಡೆಯಲಿಲ್ಲ. ನ್ಯಾಯ ದೊರೆಯಿತು, ಬಸದಿ ದೊರೆಯಲಿಲ್ಲ.

ಈ ಗೆಲುವಿನ ಮಿತಿಯನ್ನು ಅದೇ ಕಾಲದ ಇನ್ನೊಂದು ಘಟನೆ ತೋರಿಸುತ್ತದೆ. ಔರಂಗಜೇಬನ ಅಧಿಕಾರಾವಧಿಯಲ್ಲಿಯೇ, 1646ರಲ್ಲಿ, ದಾವೂದಿ ಬೋಹ್ರಾ ಪಂಥದ ಮೂವತ್ತೆರಡನೆಯ ದಾಯಿ ಕುತುಬುದ್ದೀನನು ಧರ್ಮವಿರೋಧದ ಆಪಾದನೆಗೆ ಗುರಿಯಾಗಿ ಅಹಮದಾಬಾದಿನಲ್ಲಿ ಮರಣದಂಡನೆಗೊಳಗಾದನು. ಮುಸಲ್ಮಾನರೊಳಗಣ ಅಲ್ಪಸಂಖ್ಯಾತರಾಗಿದ್ದ ಅವನ ಅನುಯಾಯಿಗಳಿಗೆ ಶಾಂತಿದಾಸನಿಗಿದ್ದಂತಹ ಅರಮನೆಯ ಆಸರೆಯಿರಲಿಲ್ಲ.

ರಾಜ್ಯಾಧಿಕಾರ ಕೈಬದಲಾದಾಗ ಶಾಂತಿದಾಸನು ತನ್ನ ಹಳೆಯ ಎದುರಾಳಿಯನ್ನೇ ಆಶ್ರಯಿಸಬೇಕಾಯಿತು. ಷಾಜಹಾನನ ಮಕ್ಕಳ ಕಲಹದಲ್ಲಿ ಗುಜರಾತಿನ ಸುಬೇದಾರ ಮುರಾದನು ಅವನ ಮನೆತನದಿಂದ ಐದೂವರೆ ಲಕ್ಷ ರೂಪಾಯಿ ಸಾಲವೆತ್ತಿದ್ದನು. 1658ರ ಜೂನ್ ತಿಂಗಳಲ್ಲಿ ಸಾಲ ತೀರಿಸಲು ಆಜ್ಞೆ ಹೊರಡಿಸಿದ ಕೆಲವೇ ದಿನಗಳಲ್ಲಿ ಮುರಾದನು ಔರಂಗಜೇಬನ ಸೆರೆಯಾದನು. ಶಾಂತಿದಾಸನು ಹೊಸ ಚಕ್ರವರ್ತಿಯನ್ನು ಕಂಡು, ಒಂದು ಲಕ್ಷ ರೂಪಾಯಿಯ ಮರುಪಾವತಿಗೆ ಅಪ್ಪಣೆ ಪಡೆದನು. ಅಹಮದಾಬಾದಿನ ಜನತೆಗೆ ಅಭಯ ತಿಳಿಸುವ ಹೊಣೆಯೂ ಅವನ ಪಾಲಿಗೆ ಬಂದಿತು. 1660ರಲ್ಲಿ ಅವನ ಹೆಸರಿನಲ್ಲಿ ಹೊರಟ ಔರಂಗಜೇಬನ ಫರ್ಮಾನು ಶತ್ರುಂಜಯ, ಗಿರ್ನಾರ್ ಮತ್ತು ಆಬು ಬೆಟ್ಟಗಳ ಮೇಲೆ ಜೈನರ ಹಕ್ಕನ್ನು ಮಾನ್ಯಮಾಡಿತು. ಬಸದಿಯನ್ನು ಕೆಡಿಸಿದ ಕೈಯೇ ತೀರ್ಥಗಳಿಗೆ ರಕ್ಷಣೆಯ ಮುದ್ರೆಯೊತ್ತಿದುದರಲ್ಲಿ ಸಿಂಹಾಸನವೇರಿದವನ ಅಗತ್ಯಗಳೂ ವರ್ತಕನ ವಿವೇಕವೂ ಕೆಲಸಮಾಡಿದ್ದವು. ಶಾಂತಿದಾಸನ ನಿಧನ ಈ ವರ್ಷಗಳ ಆಸುಪಾಸಿನದು.

ಕನ್ನಡ ನಾಡಿನ ಓದುಗರಿಗೆ ಈ ಸಂದರ್ಭದಲ್ಲಿ 1368ರ ಶ್ರವಣಬೆಳಗೊಳದ ಶಾಸನ ನೆನಪಾಗುವುದು ಸಹಜ. ಜೈನರು ಬುಕ್ಕರಾಯನಲ್ಲಿ ಮೊರೆಯಿಟ್ಟಾಗ ಅವನು ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಮನೆಗೊಂದು ಹಣದಂತೆ ಜೈನರಿಂದ ಬಂದ ದ್ರವ್ಯದಲ್ಲಿ ಗೊಮ್ಮಟನಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಿ, ಉಳಿದುದರಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸುವ ಹೊಣೆಯನ್ನು ತಿರುಮಲೆಯ ತಾತಯ್ಯನಿಗೆ ವಹಿಸಲಾಯಿತು. ಇಲ್ಲಿ ರಕ್ಷಣೆಯ ಭಾರ ಬಹುಸಂಖ್ಯಾತರ ಮೇಲೆ ಬಿದ್ದಿತು, ಕಲ್ಲಿನಲ್ಲಿ ನಿಂತು ಸರ್ವರ ಅರಿವಿಗೂ ಬಂದಿತು. ಅಹಮದಾಬಾದಿನಲ್ಲಿ ಅದು ಒಂದು ಮನೆತನದ ಪೆಟ್ಟಿಗೆಯಲ್ಲಿನ ಕಾಗದವಾಗಿ ಉಳಿಯಿತು.

ಶಾಂತಿದಾಸನ ಅನಂತರ 1669ರಲ್ಲಿ ಸೂರತ್ತಿನ ಖಾಜಿಯ ಮತಾಂತರದ ಕಿರುಕುಳವನ್ನು ಪ್ರತಿಭಟಿಸಿ ಸುಮಾರು 8,000 ವಣಿಕರು ಊರು ತೊರೆದು ಭರೂಚಿಗೆ ಹೋದರು, ವಹಿವಾಟು ಸ್ತಬ್ಧವಾಯಿತು. ಅಭಯ ದೊರೆತ ಮೇಲೆಯೇ ಅವರು ಮರಳಿದರು. ಒಬ್ಬ ಶ್ರೇಷ್ಠಿಯ ಬಿನ್ನಹದಿಂದ ಆಗುತ್ತಿದ್ದ ಕಾರ್ಯವನ್ನು ಇಲ್ಲಿ ಇಡಿಯ ಸಮುದಾಯವೇ ಒಗ್ಗಟ್ಟಿನಿಂದ ಸಾಧಿಸಿತು.

ಶಾಂತಿದಾಸನ ಮೊಮ್ಮಗ ಖುಶಾಲಚಂದನು 1725ರಲ್ಲಿ ತನ್ನ ಹಣ ತೆತ್ತು ಅಹಮದಾಬಾದನ್ನು ಮರಾಠರ ಲೂಟಿಯಿಂದ ಉಳಿಸಿದನು. ಅದರಿಂದ ಬದುಕಿಕೊಂಡವರಲ್ಲಿ ಹಿಂದೂ ಮುಸಲ್ಮಾನರಿಬ್ಬರೂ ಇದ್ದರು. ಬಸದಿಯ ಗೋಡೆಗಳು ಅಳಿದರೂ, ಪರಧರ್ಮೀಯನ ಆರಾಧನಾಸ್ಥಾನವನ್ನು ಕಸಿಯುವುದು ಅನ್ಯಾಯವೆಂದು ಒಪ್ಪಿಕೊಂಡ 1648ರ ಆಜ್ಞೆ ಅಳಿಯಲಿಲ್ಲ. ಶಾಂತಿದಾಸನ ಬಾಳಿನ ನಿಜವಾದ ಗಳಿಕೆ ಅದು.