ವೈರಸ್ಸಿನ ಕತ್ತರಿ ಕಂಡ ಬರ್ನೆಟ್

ಮಕ್ಕಳೇ, ಹತ್ತಿ ಹೊಲದ ಬದುವಿನ ಮೇಲೆ ನಡೆದು ಬಂದಾಗ ಉತ್ತರಾಣಿ ಬೀಜಗಳು ನಿಮ್ಮ ಬಟ್ಟೆಗೆ ಅಂಟಿಕೊಂಡಿರುತ್ತವೆ ಅಲ್ಲವೇ? ಫ್ಲೂ ಜ್ವರ ತರುವ ಇನ್‌ಫ್ಲುಯೆಂಜಾ ವೈರಸ್ ಕೂಡ ನಮ್ಮ ಮೂಗು, ಗಂಟಲು, ಶ್ವಾಸಕೋಶಗಳ ಜೀವಕೋಶಕ್ಕೆ ಹೀಗೆಯೇ ಅಂಟಿಕೊಳ್ಳುತ್ತದೆ. ಆದರೆ ಒಂದು ವ್ಯತ್ಯಾಸ. ಉತ್ತರಾಣಿ ಬೀಜವನ್ನು ನೀವೇ ಕಿತ್ತು ತೆಗೆಯಬೇಕು. ವೈರಸ್ ಮಾತ್ರ ತಾನಾಗಿಯೇ ಬಿಡಿಸಿಕೊಂಡು ಮುಂದಿನ ಜೀವಕೋಶಕ್ಕೆ ಹೋಗುತ್ತದೆ! ಅದು ಹೇಗೆ ಎಂದು ಹುಡುಕಿದವರಲ್ಲಿ ಮುಖ್ಯರು ಆಸ್ಟ್ರೇಲಿಯಾದ ವಿಜ್ಞಾನಿ ಫ್ರಾಂಕ್ ಮ್ಯಾಕ್‌ಫರ್ಲೇನ್ ಬರ್ನೆಟ್.

ಬರ್ನೆಟ್ 1899ರ ಸೆಪ್ಟೆಂಬರ್ 3ರಂದು ಟ್ರಾರಾಲ್ಗನ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಬ್ಯಾಂಕಿನ ವ್ಯವಸ್ಥಾಪಕರು. ಏಳು ಮಕ್ಕಳಲ್ಲಿ ಇವರು ಎರಡನೆಯವರು. ನಾಚಿಕೆ ಸ್ವಭಾವದ ಈ ಹುಡುಗನಿಗೆ ದುಂಬಿಗಳನ್ನು ಹಿಡಿದು ಸಂಗ್ರಹಿಸುವ ಹುಚ್ಚು.

1917ರಲ್ಲಿ ಅವರು ಮೆಲ್ಬರ್ನ್ ನಗರದಲ್ಲಿ ವೈದ್ಯಕೀಯ ಓದಲು ಸೇರಿದರು. ಮರುವರ್ಷವೇ ಜಗತ್ತಿಗೆಲ್ಲ ಭೀಕರ ಫ್ಲೂ ಹರಡಿತು. ಭಾರತ ಒಂದರಲ್ಲೇ ಒಂದು ಕೋಟಿಗೂ ಹೆಚ್ಚು ಜನ ಸತ್ತರು. ನಮ್ಮ ಯಾದಗಿರಿ, ಶಹಾಪುರ, ಸುರಪುರಗಳು ಆಗ ಹೈದರಾಬಾದ್ ನಿಜಾಮರ ಆಡಳಿತದಲ್ಲಿದ್ದವು. ಆ ರಾಜ್ಯವನ್ನೂ ಕಾಯಿಲೆ ಬಿಡಲಿಲ್ಲ. ವೈದ್ಯರ ಕೈಯಲ್ಲಿ ಇದಕ್ಕೆ ಔಷಧವೇ ಇರಲಿಲ್ಲ. ಅಷ್ಟೇ ಏಕೆ, ರೋಗ ತರುವುದು ವೈರಸ್ ಎಂಬುದೇ ಗೊತ್ತಿರಲಿಲ್ಲ. ಯಾವುದೋ ಬ್ಯಾಕ್ಟೀರಿಯಾ ಇರಬೇಕೆಂದು ಬಹಳ ಜನ ನಂಬಿದ್ದರು. ಮನುಷ್ಯರ ಫ್ಲೂ ವೈರಸ್ ಕೈಗೆ ಸಿಕ್ಕಿದ್ದು 1933ರಲ್ಲಿ, ಲಂಡನ್ನಿನ ಒಂದು ಪ್ರಯೋಗಾಲಯದಲ್ಲಿ. ಆ ವೇಳೆಗೆ ಬರ್ನೆಟ್ ಕೂಡ ಅಲ್ಲಿಯೇ ಕೆಲಸ ಮಾಡುತ್ತಿದ್ದರು.

ವೈರಸ್ಸನ್ನು ಅಭ್ಯಾಸ ಮಾಡಬೇಕಾದರೆ ಅದನ್ನು ಬೆಳೆಸಬೇಕು. ಆದರೆ ಅದು ಜೀವವಿರುವ ಕೋಶದೊಳಗೆ ಮಾತ್ರ ಬೆಳೆಯುತ್ತದೆ. ಮೆಲ್ಬರ್ನ್‌ಗೆ ಮರಳಿದ ಬರ್ನೆಟ್ ಇದಕ್ಕೆ ಕೋಳಿಮೊಟ್ಟೆ ಬಳಸಿದರು. ಬಿಸಿಯೂಟದಲ್ಲಿ ನಿಮಗೆ ಕೊಡುವ ಮೊಟ್ಟೆಯಂಥದ್ದಲ್ಲ, ಒಳಗೆ ಮರಿ ಬೆಳೆಯುತ್ತಿರುವ ಮೊಟ್ಟೆ. ಚಿಪ್ಪಿಗೆ ಸಣ್ಣ ತೂತು ಕೊರೆದು, ಒಂದು ಹನಿ ವೈರಸ್ ಬಿಟ್ಟು, ತೂತು ಮುಚ್ಚಿ ಬೆಚ್ಚಗಿಡುವುದು. ಎರಡು ಮೂರು ದಿನಗಳಲ್ಲಿ ಒಳಗಿನ ದ್ರವದ ತುಂಬ ವೈರಸ್! ಇಂದಿಗೂ ಫ್ಲೂ ಲಸಿಕೆಯ ಹೆಚ್ಚಿನ ಪಾಲು ಮೊಟ್ಟೆಯಲ್ಲೇ ತಯಾರಾಗುತ್ತದೆ.

ಈಗ ಕತ್ತರಿಯ ವಿಷಯಕ್ಕೆ ಬರೋಣ. ಫ್ಲೂ ವೈರಸ್ಸನ್ನು ಕೋಳಿಯ ಕೆಂಪು ರಕ್ತಕಣಗಳ ಜೊತೆ ಬೆರೆಸಿದರೆ ಕಣಗಳು ಒಂದಕ್ಕೊಂದು ಅಂಟಿ ಗುಂಪಾಗುತ್ತವೆ ಎಂಬುದನ್ನು ಅಮೆರಿಕದ ಜಾರ್ಜ್ ಹರ್ಸ್ಟ್ 1941ರಲ್ಲಿ ಕಂಡಿದ್ದರು. ಸ್ವಲ್ಪ ಹೊತ್ತು ಬೆಚ್ಚಗಿಟ್ಟರೆ ವೈರಸ್ ಕಳಚಿಕೊಂಡು ಗುಂಪು ಬಿಡಿಯಾಗುತ್ತದೆ. ಹಾಗೆ ಬಿಡಿಯಾದ ಕಣಗಳಿಗೆ ಮತ್ತೆ ಅದೇ ವೈರಸ್ ಹಾಕಿದರೆ ಅಂಟುವುದಿಲ್ಲ. ಕಳಚಿಕೊಂಡ ವೈರಸ್ಸನ್ನು ಹೊಸ ಕಣಗಳಿಗೆ ಹಾಕಿದರೆ ಅಂಟುತ್ತದೆ. ಹಾಗಾದರೆ ಬದಲಾದದ್ದು ವೈರಸ್ಸೋ, ರಕ್ತಕಣವೋ? ಮುಂದೆ ಓದುವ ಮೊದಲು ನೀವೇ ಯೋಚಿಸಿ.

ಬದಲಾದದ್ದು ರಕ್ತಕಣ. ಅದರ ಮೈಮೇಲಿನ ಯಾವುದೋ ಒಂದು ಭಾಗವನ್ನು ವೈರಸ್ ಕತ್ತರಿಸಿ ಹಾಕಿತ್ತು. ಬರ್ನೆಟ್ ಮತ್ತು ಅವರ ಸಹೋದ್ಯೋಗಿ ಜಾಯ್ಸ್ ಸ್ಟೋನ್ ಇನ್ನೂ ಒಂದು ವಿಚಿತ್ರ ಕಂಡರು. ಕಾಲರಾ ಬ್ಯಾಕ್ಟೀರಿಯಾ ಬೆಳೆಸಿದ ದ್ರವವೂ ಇದೇ ಕೆಲಸ ಮಾಡುತ್ತಿತ್ತು! ಅಂದರೆ ಕತ್ತರಿಸುತ್ತಿದ್ದುದು ಒಂದು ಕಿಣ್ವ. ಅದಕ್ಕೆ ಈಗ ನ್ಯೂರಾಮಿನಿಡೇಸ್ ಎಂಬ ಹೆಸರಿದೆ. ಜೀವಕೋಶದ ಮೈಮೇಲೆ ಸಕ್ಕರೆಯಂಥ ಎಳೆಗಳಿವೆ. ವೈರಸ್ ಅಂಟುವುದು ಈ ಎಳೆಗಳಿಗೆ. ಕೋಶದೊಳಗೆ ಹುಟ್ಟಿದ ಹೊಸ ವೈರಸ್ಸುಗಳು ಹೊರಬಂದಾಗಲೂ ಅವಕ್ಕೇ ಸಿಕ್ಕಿಕೊಳ್ಳುತ್ತವೆ. ಕಿಣ್ವದ ಕತ್ತರಿ ಎಳೆ ಕತ್ತರಿಸಿದರೆ ಮಾತ್ರ ಬಿಡುಗಡೆ.

ಆ ಕತ್ತರಿಯ ಬಾಯಿಗೆ ಏನಾದರೂ ತುರುಕಿದರೆ? ಈ ಕಿಣ್ವವನ್ನು ತಡೆಯುವ ವಸ್ತು ಫ್ಲೂಗೆ ಔಷಧವಾಗಬಹುದೆಂದು ಬರ್ನೆಟ್ 1940ರ ದಶಕದಲ್ಲೇ ಸೂಚಿಸಿದರು. ನಮ್ಮ ದೃಷ್ಟಿಯಲ್ಲಿ ಅವರ ಕೆಲಸದಲ್ಲಿ ಇದೇ ದೊಡ್ಡದು. ಆದರೆ 1960ರಲ್ಲಿ ಪೀಟರ್ ಮೆಡವಾರ್ ಜೊತೆ ಅವರಿಗೆ ನೊಬೆಲ್ ಬಂದದ್ದು ಬೇರೆ ವಿಷಯಕ್ಕೆ. ದೇಹ ತನ್ನದು ಯಾವುದು, ಪರರದು ಯಾವುದು ಎಂದು ಕಲಿಯುವ ಬಗೆಯ ಬಗ್ಗೆ ಅವರು ಮಾಡಿದ ಕೆಲಸಕ್ಕೆ.

ಔಷಧ ಮಾತ್ರ ಬೇಗ ಬರಲಿಲ್ಲ. ಕತ್ತರಿಯ ಆಕಾರ ತಿಳಿಯದೆ ಅದಕ್ಕೆ ತಕ್ಕ ತಡೆ ಮಾಡುವುದು ಹೇಗೆ? ಆಕಾರ ತಿಳಿದದ್ದು 1983ರಲ್ಲಿ. ಎರಡು ವರ್ಷಗಳ ನಂತರ, 1985ರ ಆಗಸ್ಟ್ 31ರಂದು ಬರ್ನೆಟ್ ತೀರಿಕೊಂಡರು. ಮೂಗಿನಂಚಿನಷ್ಟು ಹತ್ತಿರ ಬಂದಿದ್ದ ಔಷಧವನ್ನು ಅವರು ನೋಡಲಿಲ್ಲ. 1989ರಲ್ಲಿ ಅವರದೇ ಮೆಲ್ಬರ್ನ್‌ನಲ್ಲಿ ಝನಾಮಿವಿರ್ ತಯಾರಾಯಿತು. ಅದೂ, ನುಂಗುವ ಔಷಧವಾದ ಒಸೆಲ್ಟಾಮಿವಿರ್ ಕೂಡ 1999ರಲ್ಲಿ ಬಳಕೆಗೆ ಬಂದವು.

ಹತ್ತು ವರ್ಷಗಳ ಬಳಿಕ, 2009ರಲ್ಲಿ, ಜನ ಹಂದಿಜ್ವರ ಎಂದು ಕರೆದ ಎಚ್1ಎನ್1 ಫ್ಲೂ ಬಂತು. ಭಾರತದಲ್ಲಿ ಅದು ಮೊದಲು ಪತ್ತೆಯಾದದ್ದು ನಮಗೆ ಹತ್ತಿರದ ಹೈದರಾಬಾದಿನಲ್ಲಿ. ಆ ಹೆಸರಿನ ಎಚ್ ಎಂದರೆ ವೈರಸ್ ಅಂಟಿಕೊಳ್ಳುವ ಭಾಗ, ಎನ್ ಎಂದರೆ ಬರ್ನೆಟ್ ಕಂಡ ಕತ್ತರಿ. ಆಗ ಸರ್ಕಾರಿ ಆಸ್ಪತ್ರೆಗಳಲ್ಲಿ ಒಸೆಲ್ಟಾಮಿವಿರ್ ಕೊಟ್ಟರು. ವಯಸ್ಕರಿಗೆ ಸಾಮಾನ್ಯವಾಗಿ 75 ಮಿಲಿಗ್ರಾಂ, ದಿನಕ್ಕೆ ಎರಡು ಬಾರಿ, ಐದು ದಿನ.

ಈ ಔಷಧ ವೈರಸ್ಸನ್ನು ಕೊಲ್ಲುವುದಿಲ್ಲ, ಹರಡದಂತೆ ಕಟ್ಟಿಹಾಕುತ್ತದೆ. ಆದ್ದರಿಂದ ಜ್ವರ ಬಂದ ಎರಡು ದಿನಗಳೊಳಗೆ ಕೊಟ್ಟರೆ ಹೆಚ್ಚು ಉಪಯೋಗ. ಉಸಿರಾಟದ ತೊಂದರೆಯಿಂದ ದೊಡ್ಡವರು ಆಸ್ಪತ್ರೆ ಸೇರಿದಾಗ, ಫ್ಲೂ ಎಂಬ ಸಂಶಯವಿದ್ದರೆ ವೈದ್ಯರು ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಶುರುಮಾಡುತ್ತಾರೆ. ನುಂಗಲಾಗದವರಿಗೆ ಮೂಗಿನಿಂದ ಹೊಟ್ಟೆಗೆ ಇಳಿಸಿದ ನಳಿಕೆಯಲ್ಲಿ ಕೊಡುತ್ತಾರೆ. ಬಹಳ ಕಾಯಿಲೆಯಾದವರಿಗೆ ಇದರಿಂದ ಎಷ್ಟು ಲಾಭ ಎಂಬ ಪ್ರಯೋಗಗಳು ಇನ್ನೂ ನಡೆಯುತ್ತಿವೆ.

2020ರಲ್ಲಿ ಕೋವಿಡ್ ಬಂದಾಗ ಒಸೆಲ್ಟಾಮಿವಿರ್ ಅದಕ್ಕೆ ನಾಟಲಿಲ್ಲ. ಆ ಕೊರೊನಾ ವೈರಸ್ಸಿನಲ್ಲಿ ಈ ಕತ್ತರಿಯೇ ಇಲ್ಲ.